ಅರ್ಧ ನಗೆ, ಅರ್ಧ ಶತಮಾನ

ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದು ಕಡೆಯಿಂದ ತಾನಾಗಿ ಸೋರುತ್ತಿತ್ತು. ಚಹಾ ಕುಡಿಯಲು ಹೋದರೆ ತುಟಿ ಬಸಿಯ ಅಂಚು ಹಿಡಿಯುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಅರ್ಧ ಮುಖ ಮಾತ್ರ ತನ್ನದು, ಇನ್ನರ್ಧ ಯಾರದೋ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮನೆಗಳಲ್ಲಿ ಇದನ್ನು ಕಂಡವರು ಗಾಬರಿಯಾಗಿ, ‘ಬಾಯಿ ಸೊಟ್ಟ ಆಗ್ಯಾದ, ಲಕ್ವಾ ಹೊಡದದ’ ಎಂದರು. ಬಯಲಲ್ಲಿ ಮಲಗಿದ್ದಕ್ಕೆ ತಂಗಾಳಿ ಬಡಿಯಿತು ಎಂದರು ಕೆಲವರು, ಬಸ್ಸಿನ ಕಿಟಕಿ ಪಕ್ಕ ಕೂತು ಬಂದದ್ದಕ್ಕೆ ಎಂದರು ಇನ್ನು ಕೆಲವರು. ನಾಟಿ ವೈದ್ಯರ ಹತ್ತಿರ ಎಣ್ಣೆ ತಿಕ್ಕಿಸಿದರು, ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿದರು, ಪಾರಿವಾಳದ ರಕ್ತ ಹಚ್ಚಿಸಿಕೊಂಡವರೂ ಇದ್ದರು. ಬಹಳ ಜನರ ಮುಖ ವಾರಗಳಲ್ಲಿ ಸರಿಹೋಯಿತು. ಕೆಲವರದು ಹೋಗಲೇ ಇಲ್ಲ.

ಈಗ ವೈದ್ಯರು ಇಂಥವರಿಗೆ ಬರೆದುಕೊಡುವುದು ಪ್ರೆಡ್ನಿಸೋಲೋನ್ ಎಂಬ ಅಗ್ಗದ ಮಾತ್ರೆ. ಆ ಜಾತಿಯ ಮಾತ್ರೆಗಳು 1955ರಲ್ಲೇ ಔಷಧದ ಅಂಗಡಿಗೆ ಬಂದಿದ್ದವು. ಆದರೆ ಅವು ಸೊಟ್ಟಾದ ಮುಖವನ್ನು ನಿಜಕ್ಕೂ ನೇರ ಮಾಡುತ್ತವೆಯೇ ಎಂದು ಕೇಳಿದರೆ ಧೈರ್ಯವಾಗಿ ಹೌದು ಎನ್ನಲು 2007ರವರೆಗೆ ಯಾರಿಂದಲೂ ಆಗಲಿಲ್ಲ. ಮದ್ದನ್ನು ಕಂಡುಹಿಡಿದದ್ದು ಒಂದು ಕತೆ. ಅದು ಈ ರೋಗಕ್ಕೆ ಮದ್ದು ಹೌದೆಂದು ಕಂಡುಕೊಂಡದ್ದು ಅದಕ್ಕಿಂತ ದೀರ್ಘವಾದ, ಅದಕ್ಕಿಂತ ಹಟದ ಕತೆ.

ರೋಗ ಹೊಸದಲ್ಲ. ಚರಕ, ಸುಶ್ರುತರು ಇದನ್ನು ಅರ್ದಿತ ಎಂದು ಕರೆದು ವಿವರಿಸಿದ್ದರು. ಸಾವಿರ ವರ್ಷಕ್ಕೂ ಹಿಂದೆ ಪರ್ಶಿಯಾದ ವೈದ್ಯ ಅಲ್ ರಾಝಿ ಇದರ ಬಗ್ಗೆ ವಿವರವಾಗಿ ಬರೆದಿದ್ದರು. ಆದರೆ ಹೆಸರು ಅಂಟಿಕೊಂಡದ್ದು 1774ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಚಾರ್ಲ್ಸ್ ಬೆಲ್ ಅವರದ್ದು. ಬೆಲ್ ಶಸ್ತ್ರವೈದ್ಯರು, ಅಷ್ಟೇ ಒಳ್ಳೆಯ ಚಿತ್ರಕಾರರೂ ಹೌದು. ಕೋಪ, ಅಳು, ನಗು ಬಂದಾಗ ಮುಖದ ಯಾವ ಸ್ನಾಯು ಎತ್ತ ಎಳೆಯುತ್ತದೆ ಎಂಬುದನ್ನು ವಿವರಿಸಿ 1806ರಲ್ಲಿ ಅವರು ಚಿತ್ರಕಾರರಿಗಾಗಿ ಒಂದು ಪುಸ್ತಕವನ್ನೇ ಬರೆದರು. 1815ರಲ್ಲಿ ವಾಟರ್ಲೂ ಯುದ್ಧ ಮುಗಿದ ಸುದ್ದಿ ಲಂಡನ್ನಿಗೆ ಮುಟ್ಟಿದ ಕೂಡಲೇ ಬ್ರಸೆಲ್ಸ್‌ಗೆ ಹೊರಟರು. ಅಲ್ಲಿ ಕೈ ಸೋಲುವವರೆಗೆ ಗಾಯಾಳುಗಳಿಗೆ ಶಸ್ತ್ರಕ್ರಿಯೆ ಮಾಡಿದರು, ಬಿಡುವಾದಾಗ ಅವರ ಚಿತ್ರ ಬರೆದರು.

ಮುಖವನ್ನು ಇಷ್ಟು ದಿಟ್ಟಿಸಿ ನೋಡಿದವರಿಗೆ ಅದನ್ನು ಆಡಿಸುವ ನರ ಯಾವುದು ಎಂಬ ಪ್ರಶ್ನೆ ಹುಟ್ಟದೆ ಇದ್ದೀತೆ? ಜೀವಂತ ಪ್ರಾಣಿಯನ್ನು ಕೊಯ್ಯುವುದು ಬೆಲ್ ಅವರಿಗೆ ಮನಸ್ಸಿಲ್ಲದ ಕೆಲಸ. ಆದರೂ ಒಂದು ಕತ್ತೆಯ ಮುಖದ ನರ ಕತ್ತರಿಸಿ ನೋಡಿದರು. ಆ ಕಡೆಯ ಮೂಗಿನ ಹೊಳ್ಳೆ ಅಲುಗದೆ ನಿಂತಿತು, ತುಟಿ ಜೋತುಬಿತ್ತು. 1821ರಲ್ಲಿ ರಾಯಲ್ ಸೊಸೈಟಿಯ ಮುಂದೆ ಇದನ್ನು ಮಂಡಿಸಿದರು. ಅವರ ವಿವರಣೆಯಲ್ಲಿ ತಪ್ಪುಗಳೂ ಇದ್ದವು, ಹಿಂದೆಯೇ ಬಂದವರು ತಿದ್ದಿದರು. ಮುಖಭಾವವನ್ನೆಲ್ಲ ಆಡಿಸುವುದು ಏಳನೆಯ ಕಪಾಲ ನರ ಎಂಬುದು ಮಾತ್ರ ನಿಂತಿತು. ಕಾರಣ ತಿಳಿಯದೆ ಅರ್ಧ ಮುಖ ಬೀಳುವ ರೋಗ ಮುಂದೆ ‘ಬೆಲ್ಸ್ ಪಾಲ್ಸಿ’ ಆಯಿತು. ಬೆಲ್ ಬಳಿ ಅದಕ್ಕೆ ಮದ್ದಿರಲಿಲ್ಲ.

ಮದ್ದಿಗಿಂತ ಮೊದಲು ದಾಟಬೇಕಾದ ಗೋಡೆ ಬೇರೆ ಇತ್ತು, ಮತ್ತು ಅದು ವಿಚಿತ್ರವಾದ ಗೋಡೆ. ಈ ರೋಗ ಬಹುಪಾಲು ತಾನಾಗಿಯೇ ವಾಸಿಯಾಗುತ್ತಿತ್ತು. ಎಷ್ಟು ಪಾಲು ಎಂಬುದನ್ನು ಅಳೆಯಲು ಕೋಪನ್‌ಹೇಗನ್ನಿನ ವೈದ್ಯ ಎರಿಕ್ ಪೈಟರ್ಸನ್ ಸುಮಾರು 25 ವರ್ಷ ಕೂತರು. ಯಾವ ಔಷಧವನ್ನೂ ಕೊಡದೆ 1,701 ರೋಗಿಗಳನ್ನು ತಿಂಗಳಾನುಗಟ್ಟಲೆ ಗಮನಿಸಿದರು. ನೂರಕ್ಕೆ 71 ಜನರ ಮುಖ ಮೊದಲಿನಂತಾಯಿತು. ಅಂದರೆ ಎಣ್ಣೆ ಕೊಟ್ಟವರು, ತಾಯಿತ ಕಟ್ಟಿದವರು, ಯುರೋಪಿನಲ್ಲಿ ಕೆನ್ನೆಗೆ ವಿದ್ಯುತ್ ಹರಿಸಿದವರು, ಯಾರೇ ಆಗಲಿ ನೂರರಲ್ಲಿ ಎಪ್ಪತ್ತು ಜನರಿಂದ ಕೈಮುಗಿಸಿಕೊಳ್ಳಬಹುದಿತ್ತು. ಸಿಂಧನೂರಿನ ಹಳ್ಳಿಯ ಅಜ್ಜಿ ‘ನಮ್ಮ ಮದ್ದಿಗೆ ವಾಸಿ ಆತು’ ಎಂದಾಗ ಅವಳು ಸುಳ್ಳು ಹೇಳುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯ ವೈದ್ಯರ ಕೈಯಲ್ಲಿದ್ದ ಪುರಾವೆಯೂ ಅಜ್ಜಿಯ ಪುರಾವೆಗಿಂತ ಗಟ್ಟಿಯಾಗಿರಲಿಲ್ಲ. ಈ ಕತೆಯಲ್ಲಿ ಮರೆಯಬಾರದ ಸಂಗತಿ ಇದು.

ಉಳಿದ ಮೂವತ್ತು ಜನರ ಪಾಡು ಬೇರೆ. ರೆಪ್ಪೆ ಮುಚ್ಚದೆ ಕಣ್ಣು ಒಣಗಿತು, ಧೂಳು ಕೂತು ಹುಣ್ಣಾಯಿತು. ನರ ಮತ್ತೆ ಬೆಳೆಯುವಾಗ ಎಳೆಗಳು ದಾರಿ ತಪ್ಪಿ ಬೇರೆ ಸ್ನಾಯುವಿಗೆ ಹೋಗಿ ಸೇರಿದವು. ನಕ್ಕರೆ ಕಣ್ಣು ಮುಚ್ಚಿಕೊಂಡಿತು. ಇನ್ನು ಕೆಲವರಿಗೆ ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆ ಕಣ್ಣೀರಿನ ಗ್ರಂಥಿಗೆ ಹೋಗಿ ಸೇರಿ, ರೊಟ್ಟಿ ತಿನ್ನುವಾಗಲೆಲ್ಲ ಒಂದು ಕಣ್ಣಲ್ಲಿ ನೀರು ಸುರಿಯಿತು. ಮದುವೆಮನೆಗೆ ಹೋಗುವುದನ್ನೇ ಬಿಟ್ಟವರಿದ್ದರು.

ಈ ಮೂವತ್ತು ಜನರಿಗಾಗಿ ಮೊದಲು ಮುಂದೆ ಬಂದವರು ಶಸ್ತ್ರವೈದ್ಯರು. ಮುಖದ ನರ ಮೆದುಳಿನಿಂದ ಹೊರಟು ಕಿವಿಯ ಹಿಂದಿನ ಗಟ್ಟಿ ಮೂಳೆಯೊಳಗೆ, 16ನೆಯ ಶತಮಾನದಲ್ಲಿ ಫಾಲೋಪಿಯೋ ಗುರುತಿಸಿದ ಅಂಕುಡೊಂಕಿನ ಕೊಳವೆಯಲ್ಲಿ ಸಾಗಿ ಬರುತ್ತದೆ. ಅಲ್ಲಿ ನರ ಸಿಕ್ಕಿಕೊಂಡಿರಬಹುದೆಂದು ಬಗೆದು 1932ರ ಸುಮಾರಿಗೆ ಬ್ಯಾಲೆನ್ಸ್ ಮತ್ತು ಡ್ಯೂಯೆಲ್ ಎಂಬುವರು ಮೂಳೆ ಕೊರೆದು ಕೊಳವೆಯನ್ನು ಬಿಡಿಸಿದರು. ಮುಂದೆ ಜ್ಯೂರಿಕ್ಕಿನ ಉಗೊ ಫಿಶ್, ಕೊಳವೆಯ ಅತಿ ಇಕ್ಕಟ್ಟಿನ ಜಾಗ ಇನ್ನೂ ಒಳಗಿದೆ, ಅದರ ಅಗಲ 0.7 ಮಿಲಿಮೀಟರಿನಷ್ಟೂ ಇಲ್ಲ ಎಂದು ತೋರಿಸಿದರು. ಅಷ್ಟು ಒಳಗೆ ಕೈ ಹಾಕಿದರೆ ಕಿವಿಯೇ ಹೋಗುವ ಭಯ. ಕತ್ತಿಯಿಂದ ದಾರಿ ಸುಲಭವಾಗಿ ಸಿಗುವಂತಿರಲಿಲ್ಲ.

ಮದ್ದು ಬಂದದ್ದು ಮುಖಕ್ಕೂ ನರಕ್ಕೂ ಸಂಬಂಧವೇ ಇಲ್ಲದ ಕಡೆಯಿಂದ. 1929ರ ಏಪ್ರಿಲ್‌ನಲ್ಲಿ ಅಮೆರಿಕದ ಮಿನ್ನೆಸೋಟದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರ ಮುಂದೆ ಸಂಧಿವಾತದ ರೋಗಿಯೊಬ್ಬರು ಕುಳಿತಿದ್ದರು. ಅವರು ಸ್ವತಃ ವೈದ್ಯರು, ವಯಸ್ಸು 65. ಅವರಿಗೆ ಕಾಮಾಲೆ ಬಂದಿತ್ತು. ಕಾಮಾಲೆ ಬಂದ ಮರುದಿನದಿಂದ ಕೀಲುನೋವು ಮಾಯವಾಗಿದೆ ಎಂದು ಅವರು ಅಚ್ಚರಿಯಿಂದ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ‘ಒಳ್ಳೆಯದಾಯಿತು’ ಎಂದು ಸುಮ್ಮನಾಗುತ್ತಿದ್ದರು. ಹುಟ್ಟಿನಿಂದ ಸೀಳಂಗುಳವಿದ್ದು ಮಾತಿಗೆ ತಡವರಿಸುತ್ತಿದ್ದ ಹೆಂಚ್, ಕೇಳಿಸಿಕೊಳ್ಳುವುದರಲ್ಲಿ ಮಾತ್ರ ಎಂದೂ ತಡವರಿಸಲಿಲ್ಲ. ಅವರು ಅದನ್ನು ಬರೆದಿಟ್ಟುಕೊಂಡರು. ಮುಂದೆ ಬಸುರಿಯಾದ ಹೆಂಗಸರಲ್ಲೂ ಸಂಧಿವಾತ ತಗ್ಗುವುದನ್ನು ಕಂಡರು. ದೇಹವೇ ಏನನ್ನೋ ಹುಟ್ಟಿಸಿ ಕೊಡುತ್ತಿದೆ ಎಂದು ಬಗೆದು ಅದಕ್ಕೆ ‘ವಸ್ತು ಎಕ್ಸ್’ ಎಂದು ಹೆಸರಿಟ್ಟರು. ರೋಗಿಗಳಿಗೆ ಪಿತ್ತ ಕೊಟ್ಟು ನೋಡಿದರು, ಕಾಮಾಲೆ ಬಂದವರ ರಕ್ತ ಕೊಟ್ಟು ನೋಡಿದರು. ವರ್ಷಗಟ್ಟಲೆ ಸೋಲೇ ಕೈಗೆ ಬಂತು.

ಅದೇ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಲ್ ಎಂಬ ರಸಾಯನಶಾಸ್ತ್ರಜ್ಞರು ಮೂತ್ರಪಿಂಡದ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯ ಬೆನ್ನು ಹತ್ತಿದ್ದರು. ದನಗಳ ಗ್ರಂಥಿಯನ್ನು ರಾಶಿಗಟ್ಟಲೆ ತಂದು ಅರೆದು, ಸೋಸಿ, ಅದರಿಂದ ಚೂರುಪಾರು ಹರಳು ತೆಗೆಯುವುದು ಅವರ ಕೆಲಸ. ಸಿಕ್ಕಿದ ವಸ್ತುಗಳಿಗೆ ಎ, ಬಿ, ಇ, ಎಫ್ ಎಂದು ಅಕ್ಷರ ಕೊಟ್ಟಿದ್ದರು. 1941ರ ಜನವರಿಯಲ್ಲಿ ಇಬ್ಬರೂ ಕೂತು ಮಾತಾಡಿ, ಅವಕಾಶ ಸಿಕ್ಕಾಗ ‘ಇ’ಯನ್ನು ಸಂಧಿವಾತಕ್ಕೆ ಕೊಟ್ಟು ನೋಡುವುದೆಂದು ಗೊತ್ತುಮಾಡಿದರು. ಆದರೆ ಕೊಡಲು ‘ಇ’ ಎಲ್ಲಿತ್ತು? ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಅಮೆರಿಕಕ್ಕೂ ಬಂತು. ಜರ್ಮನಿಯ ವಿಮಾನ ಚಾಲಕರು ಅಡ್ರಿನಲ್ ರಸ ಚುಚ್ಚಿಸಿಕೊಂಡು ಬಹಳ ಎತ್ತರದಲ್ಲಿ ಹಾರುತ್ತಿದ್ದಾರೆ ಎಂಬ ಗಾಳಿಮಾತು ಹಬ್ಬಿತು. ಮಾತು ಸುಳ್ಳು, ಅದು ತಂದ ಹಣ ಮಾತ್ರ ನಿಜ. ಸಂಶೋಧನೆಗೆ ಸರ್ಕಾರದ ಬೆಂಬಲ ಹರಿದು ಬಂತು. ಮರ್ಕ್ ಕಂಪನಿಯ ತರುಣ ಲೂಯಿಸ್ ಸ್ಯಾರೆಟ್ ದನದ ಪಿತ್ತದ ಆಮ್ಲದಿಂದ ಶುರುಮಾಡಿ ಮೂವತ್ತಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಯುದ್ಧ ಮುಗಿಯುವುದರೊಳಗೆ ‘ಇ’ಯನ್ನು ತಯಾರಿಸಿದರು.

1948ರ ಸೆಪ್ಟೆಂಬರ್ 21ರಂದು ಹೆಂಚ್ ತಂಡ 29 ವರ್ಷದ ಒಬ್ಬ ಹೆಂಗಸಿಗೆ ಅದನ್ನು ಚುಚ್ಚಿತು. ಹಾಸಿಗೆಯಲ್ಲಿ ಮಗ್ಗುಲು ಹೊರಳಿಸಲೂ ಆಗದ ಸಂಧಿವಾತ ಅವರದ್ದು. ಮೊದಲ ದಿನ ಏನೂ ಇಲ್ಲ, ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಸಲೀಸಾಗಿ ಹೊರಳಿದರು. ವಾರ ತುಂಬುವುದರೊಳಗೆ ಪೇಟೆಗೆ ನಡೆದುಹೋಗಿ ಮೂರು ಗಂಟೆ ಸಾಮಾನು ಕೊಂಡು ಬಂದರು. ‘ಇ’ಗೆ ಕಾರ್ಟಿಸೋನ್ ಎಂದು ಹೆಸರಾಯಿತು. 1950ರ ನೊಬೆಲ್ ಪ್ರಶಸ್ತಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ಹೋಯಿತು. ಹಿಂದೆಯೇ ಅದರ ಕೇಡೂ ಗೊತ್ತಾಯಿತು: ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು. ಷೆರಿಂಗ್ ಕಂಪನಿಯ ಆರ್ಥರ್ ನೊಬಿಲ್ ಒಂದು ಬ್ಯಾಕ್ಟೀರಿಯಾಕ್ಕೆ ಕಾರ್ಟಿಸೋನ್ ಉಣಿಸಿ ಅದರಿಂದ ಇನ್ನೂ ಹರಿತವಾದ, ಮೈಯಲ್ಲಿ ಉಪ್ಪುನೀರು ಕಡಿಮೆ ತುಂಬಿಸುವ ಎರಡು ಮದ್ದು ಪಡೆದರು. ಅವೇ ಪ್ರೆಡ್ನಿಸೋನ್, ಪ್ರೆಡ್ನಿಸೋಲೋನ್.

ಊತ ಇಳಿಸುವ ಮದ್ದು ಸಿಕ್ಕಿತು. ಮುಖದ ನರ ಮೂಳೆಯೊಳಗೆ ಊದಿ ಸಿಕ್ಕಿಕೊಂಡಿದ್ದರೆ ಇದು ಕೆಲಸ ಮಾಡಬೇಕಲ್ಲವೇ? ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡೇವಿಡ್ ಟ್ಯಾವರ್ನರ್ 26 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಕಾರ್ಟಿಸೋನ್ ಕೊಟ್ಟು ನೋಡಿದರು. 1954ರಲ್ಲಿ ಅವರು ಪ್ರಕಟಿಸಿದ ಉತ್ತರ: ಕಾರ್ಟಿಸೋನಿನಿಂದ ವ್ಯತ್ಯಾಸವಿಲ್ಲ. ಅಲ್ಲಿಗೆ ಬಿಡಬಹುದಿತ್ತು. ಅವರು ಬಿಡಲಿಲ್ಲ. ಮತ್ತೆ ಹಾರ್ಮೋನು ಬದಲಿಸಿ ನೋಡಿದರು, 1971ರ ಹೊತ್ತಿಗೆ ಪ್ರೆಡ್ನಿಸೋಲೋನ್ ಕಡೆಗೇ ವಾಲಿದ್ದರು. ಮರುವರ್ಷ ಕ್ಯಾಲಿಫೋರ್ನಿಯಾದ ಕೇದಾರ್ ಅಡೂರ್ ಪ್ರೆಡ್ನಿಸೋನ್ ಪರವಾಗಿ ಬರೆದರು. ಯಾರಿಗೆ ಮದ್ದು, ಯಾರಿಗೆ ಮದ್ದಿಲ್ಲದ ಬರಿ ಮಾತ್ರೆ ಎಂದು ತಿಳಿಯದಂತೆ ಆರಂಭಿಸಿದ ಪರೀಕ್ಷೆ ಅದು. ಮದ್ದು ಸಿಕ್ಕವರ ಕಿವಿಯ ಹಿಂದಿನ ನೋವು ಎಷ್ಟು ಬೇಗ ಇಳಿಯಿತೆಂದರೆ, ಉಳಿದವರಿಗೆ ಬರಿ ಮಾತ್ರೆ ಕೊಡುವುದು ಅನ್ಯಾಯ ಎನಿಸಿ ಅಡೂರ್ ಅರ್ಧಕ್ಕೇ ನಿಲ್ಲಿಸಿ ಎಲ್ಲರಿಗೂ ಮದ್ದು ಕೊಟ್ಟರು. ವೈದ್ಯರಾಗಿ ಅವರು ಮಾಡಿದ್ದನ್ನು ತಪ್ಪೆನ್ನಲು ಮನಸ್ಸು ಬಾರದು. ಆದರೆ ಹೋಲಿಸಿ ನೋಡಲು ಸರಿಯಾದ ಜೊತೆಯೇ ಉಳಿಯಲಿಲ್ಲ. 1976ರಲ್ಲಿ ಮಾರ್ಕ್ ಮೇ 51 ಜನರ ಮೇಲೆ ಪರೀಕ್ಷಿಸಿ ಲಾಭ ಕಾಣಲಿಲ್ಲ ಎಂದರು. ಒಬ್ಬರು ಕೊಡಿ ಎಂದರು, ಒಬ್ಬರು ಕೊಡಬೇಡಿ ಎಂದರು. ಮದ್ದಿಲ್ಲದೆಯೂ ಎಪ್ಪತ್ತು ಜನ ವಾಸಿಯಾಗುವ ರೋಗದಲ್ಲಿ ಮದ್ದಿನ ಪಾಲು ಎಷ್ಟೆಂದು ಬೇರೆ ಮಾಡಲು ಇಪ್ಪತ್ತಾರು, ಐವತ್ತೊಂದು ಜನ ಸಾಲುತ್ತಿರಲಿಲ್ಲ. ಸೋತದ್ದು ಔಷಧವಲ್ಲ, ಎಣಿಕೆ.

ನಡುವೆ ಇನ್ನೊಂದು ತಿರುವು ಬಂತು. ತುಟಿಯ ಮೇಲೆ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ನರದ ಗಂಟಿನಲ್ಲಿ ನಿದ್ದೆ ಮಾಡುತ್ತಿದ್ದು ಎಚ್ಚೆತ್ತಾಗ ಈ ರೋಗ ತರುತ್ತದೆ ಎಂದು 1972ರಲ್ಲೇ ಒಬ್ಬರು ಊಹಿಸಿದ್ದರು. 1996ರಲ್ಲಿ ಜಪಾನಿನ ಶಿಂಗೊ ಮುರಕಾಮಿ ತಂಡ, ಶಸ್ತ್ರಕ್ರಿಯೆಗೆ ಒಳಗಾದ 14 ರೋಗಿಗಳ ನರದೊಳಗಿನ ದ್ರವ ತೆಗೆದು ಪರೀಕ್ಷಿಸಿತು. 11 ಜನರಲ್ಲಿ ಆ ವೈರಸ್ಸಿನ ಗುರುತು ಸಿಕ್ಕಿತು. ಕಳ್ಳ ಸಿಕ್ಕಿಬಿದ್ದ ಎಂದು ವೈದ್ಯಲೋಕ ಹಿಗ್ಗಿತು. ಅಸೈಕ್ಲೋವಿರ್ ಎಂಬ ವೈರಸ್ ವಿರೋಧಿ ಮಾತ್ರೆಯ ಚೀಟಿಗಳು ಹೆಚ್ಚಿದವು. ಈಗ ಪ್ರಶ್ನೆ ಎರಡಾದವು, ಉತ್ತರ ಒಂದೂ ಇರಲಿಲ್ಲ.

ಗಂಟು ಬಿಚ್ಚಿದ್ದು ಬೆಲ್ ಅವರ ತಾಯ್ನಾಡಾದ ಸ್ಕಾಟ್ಲೆಂಡಿನಲ್ಲೇ. ಬಿಚ್ಚಿದವರು ನರತಜ್ಞರಲ್ಲ, ಡಂಡಿ ವಿಶ್ವವಿದ್ಯಾಲಯದ ಫ್ರಾಂಕ್ ಸಲಿವನ್, ಕೆಮ್ಮು ನೆಗಡಿಗೂ ಔಷಧ ಕೊಡುವ ಸಾಮಾನ್ಯ ವೈದ್ಯ ಪದ್ಧತಿಯವರು. ಅವರ ಲೆಕ್ಕಾಚಾರ ಹೀಗಿತ್ತು: ಇದು ಅಪರೂಪದ ರೋಗ, ಒಂದು ಆಸ್ಪತ್ರೆಗೆ ಬರುವವರು ಕೆಲವೇ ಮಂದಿ, ಬರುವ ಹೊತ್ತಿಗೂ ತಡವಾಗಿರುತ್ತದೆ. ಮುಖ ಸೊಟ್ಟಾದವರು ಮೊದಲ ದಿನ ಓಡುವುದು ಹತ್ತಿರದ ವೈದ್ಯರ ಬಳಿಗೆ. ಹಾಗಾದರೆ ಜಾಲ ಹರಡಬೇಕಾದದ್ದು ಅಲ್ಲಿಯೇ. ನಾಡಿನ ಉದ್ದಗಲಕ್ಕೂ ಇದ್ದ ವೈದ್ಯರಿಗೆ ಹೇಳಿಟ್ಟರು: ರೋಗ ಶುರುವಾಗಿ 72 ಗಂಟೆಯೊಳಗೆ ಸಿಕ್ಕವರನ್ನು ತಡಮಾಡದೆ ಕಳಿಸಿ. 17 ಆಸ್ಪತ್ರೆಗಳು ಸೇರಿಕೊಂಡವು. 2004ರ ಜೂನ್‌ನಿಂದ ಎರಡು ವರ್ಷ ಕೆಲಸ ನಡೆಯಿತು, 551 ಜನ ಒಪ್ಪಿ ಸೇರಿದರು.

ಅವರನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಲಾಯಿತು. ಒಂದಕ್ಕೆ ಪ್ರೆಡ್ನಿಸೋಲೋನ್, ಒಂದಕ್ಕೆ ಅಸೈಕ್ಲೋವಿರ್, ಒಂದಕ್ಕೆ ಎರಡೂ, ಒಂದಕ್ಕೆ ಬರಿ ಹಾಲುಸಕ್ಕರೆ ತುಂಬಿದ ಗುಳಿಗೆ. ಪ್ರೆಡ್ನಿಸೋಲೋನ್ 25 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, ಹತ್ತು ದಿನ, ಅಷ್ಟೇ. ನುಂಗಿದವರಿಗಾಗಲಿ ಕೊಟ್ಟವರಿಗಾಗಲಿ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಮುಖ ಸರಿಹೋಯಿತೋ ಇಲ್ಲವೋ ಎಂಬುದನ್ನು ಹೇಳುವ ಹಕ್ಕನ್ನು ರೋಗಿಗೂ ಕೊಡಲಿಲ್ಲ, ಅವರ ವೈದ್ಯರಿಗೂ ಕೊಡಲಿಲ್ಲ. ಪ್ರತಿಯೊಬ್ಬರದೂ ನಾಲ್ಕು ಚಿತ್ರ ತೆಗೆದರು: ಸುಮ್ಮನಿದ್ದ ಮುಖ, ಬಲವಂತವಾಗಿ ನಕ್ಕ ಮುಖ, ಹುಬ್ಬೇರಿಸಿದ ಮುಖ, ಕಣ್ಣು ಬಿಗಿಯಾಗಿ ಮುಚ್ಚಿದ ಮುಖ. ಕಿವಿಮೂಗುಗಂಟಲು ತಜ್ಞರು, ನರತಜ್ಞರು, ಪ್ಲಾಸ್ಟಿಕ್ ಸರ್ಜನ್ ಹೀಗೆ ಮೂವರು ಬೇರೆಬೇರೆ ಕೂತು ಆ ಚಿತ್ರಗಳಿಗೆ ಅಂಕ ಹಾಕಿದರು. ಯಾರು ಏನು ನುಂಗಿದ್ದಾರೆಂದು ಅವರಿಗೂ ಗೊತ್ತಿಲ್ಲ. ಇನ್ನೂರು ವರ್ಷದ ಹಿಂದೆ ಬೆಲ್ ಕಣ್ಣಳತೆಯಲ್ಲಿ ಮಾಡಿದ್ದನ್ನು ಇವರು ಕ್ಯಾಮೆರಾ ಹಿಡಿದು ಪಕ್ಷಪಾತಕ್ಕೆ ಜಾಗವಿಲ್ಲದಂತೆ ಮಾಡಿದರು. ಈ ಪರೀಕ್ಷೆಯ ಸೊಗಸೆಲ್ಲ ಇರುವುದು ಇಲ್ಲಿ.

ಗುಟ್ಟಿನ ಪಟ್ಟಿ ಕೊನೆಗೆ ತೆರೆಯಿತು. ಮೂರು ತಿಂಗಳಿಗೆ ಪ್ರೆಡ್ನಿಸೋಲೋನ್ ನುಂಗಿದವರಲ್ಲಿ ನೂರಕ್ಕೆ 83 ಜನರ ಮುಖ ಪೂರ್ತಿ ಸರಿಹೋಗಿತ್ತು, ನುಂಗದವರಲ್ಲಿ ಸುಮಾರು 64. ಒಂಬತ್ತು ತಿಂಗಳಿಗೆ ಆ ಅಂಕಿ 94 ಮತ್ತು 82 ಆಯಿತು. ಅಸೈಕ್ಲೋವಿರ್ ಒಂಟಿಯಾಗಿಯೂ ಉಪಯೋಗಕ್ಕೆ ಬರಲಿಲ್ಲ, ಪ್ರೆಡ್ನಿಸೋಲೋನ್ ಜೊತೆಗೂಡಿ ಹೆಚ್ಚಿನದೇನನ್ನೂ ಕೊಡಲಿಲ್ಲ. 2007ರ ಅಕ್ಟೋಬರ್‌ನಲ್ಲಿ ಇದು ಪ್ರಕಟವಾಯಿತು. ಮರುವರ್ಷ ಸ್ವೀಡನ್ ಮತ್ತು ಫಿನ್ಲೆಂಡಿನ ವೈದ್ಯರು ಎಂಟುನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಬೇರೆಯಾಗಿಯೇ ನಡೆಸಿದ ಪರೀಕ್ಷೆಯೂ ಅದೇ ಮಾತು ಹೇಳಿತು. ಅರ್ಧ ಶತಮಾನದ ಜಗಳಕ್ಕೆ ಎರಡು ವರ್ಷದಲ್ಲಿ ತೆರೆಬಿತ್ತು.

ಎರಡೂ ಪರೀಕ್ಷೆ ನಿಂತದ್ದು 72 ಗಂಟೆಯ ಗೆರೆಯ ಮೇಲೆ. ಆ ಗೆರೆ ದಾಟಿ ಬಂದವರಿಗೆ ಇದೇ ಭರವಸೆ ಕೊಡಲು ಯಾರ ಬಳಿಯೂ ಲೆಕ್ಕವಿಲ್ಲ. ಎಣ್ಣೆಗೆ ಒಂದು ದಿನ, ತಾಯಿತಕ್ಕೆ ಒಂದು ದಿನ, ಕಬ್ಬಿಣ ಕಾಯಿಸಿ ಬರೆ ಹಾಕುವವರ ಊರು ಹುಡುಕಲು ಇನ್ನೊಂದು ದಿನ ಕಳೆದರೆ ಅಗ್ಗದ ಮಾತ್ರೆಗೆ ಇದ್ದ ಸಮಯ ಮುಗಿದಿರುತ್ತದೆ. ತಾಲೂಕು ಆಸ್ಪತ್ರೆಗೆ ಅಂದೇ ಹೋಗಲು ಇನ್ನೂ ಒಂದು ಕಾರಣವಿದೆ. ಮೆದುಳಿನ ರಕ್ತನಾಳ ಕಟ್ಟಿ ಬರುವ ಪಾರ್ಶ್ವವಾಯುವಿನಲ್ಲೂ ಬಾಯಿ ಸೊಟ್ಟಾಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಹಣೆಯ ಗೆರೆ ಎರಡೂ ಕಡೆ ಮೂಡುತ್ತದೆ, ಮುಖದ ನರ ಸೋತಾಗ ಹಣೆಯ ಆ ಅರ್ಧವೂ ನುಣ್ಣಗಾಗುತ್ತದೆ. ಹುಬ್ಬೇರಿಸಿ ನೋಡುವ ಈ ಚಿಕ್ಕ ಪರೀಕ್ಷೆಯ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಈ ಮಾತ್ರೆಯಿಂದ ಸಕ್ಕರೆ ಏರುವುದರಿಂದ ತಾವಾಗಿ ಕೊಂಡು ನುಂಗುವಂಥದ್ದೂ ಇದಲ್ಲ.

ಒಳಗೆ ನಡೆದದ್ದೇನು ಎಂಬುದನ್ನು ಕೊನೆಗೂ ಕೆಲವೇ ಮಾತಿನಲ್ಲಿ ಹೇಳಲು ಸಾಧ್ಯವಾಯಿತು. ಉರಿಯೂತದಿಂದ ನರ ಊದಿತು. ಸುತ್ತಲಿನ ಮೂಳೆ ಹಿಗ್ಗಲಿಲ್ಲ. ಊದಿದ ಬೆರಳಿಗೆ ಉಂಗುರ ಬಿಗಿಯುವಂತೆ ಆ ಇಕ್ಕಟ್ಟಿನ ಜಾಗ ನರವನ್ನು ಹಿಸುಕಿತು. ರಕ್ತ ಹರಿಯುವುದು ಕಡಿಮೆಯಾಗಿ ಮೊದಲು ಸಂದೇಶ ನಿಂತಿತು, ಹಾಗೇ ಬಿಟ್ಟರೆ ಎಳೆಗಳೇ ಸತ್ತವು. ಪ್ರೆಡ್ನಿಸೋಲೋನ್ ನರವನ್ನು ಬೆಳೆಸಲಿಲ್ಲ. ಊತ ಇಳಿಸಿ, ಎಳೆಗಳು ಸಾಯುವುದಕ್ಕೆ ಮೊದಲು ಅವಕ್ಕೆ ಉಸಿರಾಡಲು ಜಾಗ ಮಾಡಿತು. ಮೊದಲ ಮೂರು ದಿನ ಮುಖ್ಯವಾದದ್ದು ಅದಕ್ಕೇ. ಸತ್ತ ಎಳೆ ಮತ್ತೆ ಚಿಗುರಿದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಷ್ಟು ಬೆಳೆಯಿತು, ಅದೂ ದಾರಿ ತಪ್ಪುವ ಭಯದೊಂದಿಗೆ.

ಮುಖದ ನರದ ಎಲ್ಲ ಸೋಲಿಗೂ ಮಾತ್ರೆ ಮದ್ದಾಗಲಿಲ್ಲ. ಅಪಘಾತದಲ್ಲಿ ತುಂಡಾದ ನರವನ್ನು ಯಾವ ಮಾತ್ರೆಯೂ ಕೂಡಿಸಲಿಲ್ಲ; ಅದಕ್ಕೆ ಹೊಲಿಗೆಯೇ ಬೇಕಾಯಿತು. ಕಿವಿಯ ನರದ ಗಡ್ಡೆ ತೆಗೆಯುವಾಗ ಪಕ್ಕದ ಮುಖದ ನರ ಜಗ್ಗಿ ನೋಯುವುದುಂಟು. ಅಲ್ಲಿ ನಿಮೋಡಿಪಿನ್ ಎಂಬ ರಕ್ತನಾಳ ಸಡಿಲಿಸುವ ಮದ್ದು ನರವನ್ನು ಕಾಪಾಡೀತೆಂದು ಜರ್ಮನಿಯ ವೈದ್ಯರು ಆಸೆಪಟ್ಟರು. ಚಿಕ್ಕ ಪರೀಕ್ಷೆಗಳು ಆಸೆ ಹುಟ್ಟಿಸಿದವು, 2016ರಲ್ಲಿ ಬಂದ 112 ರೋಗಿಗಳ ಪರೀಕ್ಷೆ ಅದನ್ನು ಗಟ್ಟಿ ಮಾಡಲಿಲ್ಲ.

ಇತ್ತ ಭಾರತದಲ್ಲಿ ಇದೇ ಪ್ರೆಡ್ನಿಸೋಲೋನ್ ಮುಖದ ನರಕ್ಕಾಗಿ ಇನ್ನೊಂದು ಕಡೆಯೂ ದುಡಿಯಿತು. ಕುಷ್ಠರೋಗದ ಉರಿಯೂತ ಕೆನ್ನೆಯ ಮೇಲೆ ಹಾಯುವ ನರದ ಕವಲನ್ನು ಹಿಡಿದಾಗ ರೆಪ್ಪೆ ಮುಚ್ಚದಾಗುತ್ತದೆ. ಆದ್ದರಿಂದಲೇ ಕುಷ್ಠದ ತಪಾಸಣೆಯಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿಸಿ ನೋಡುವುದು ರೂಢಿಯಾಯಿತು. ನರ ಸೋತು ಆರು ತಿಂಗಳು ಮೀರಿರದವರಿಗೆ ತಿಂಗಳುಗಟ್ಟಲೆ ಈ ಮಾತ್ರೆ ಕೊಟ್ಟು ಹಲವರ ಕಣ್ಣು ಉಳಿಸಿದರು. ಮೀರಿದವರಿಗೆ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಬೇರೆ ದಾರಿ ಹಿಡಿದರು: ಕಣತಲೆಯ ಬಳಿಯ, ಜಗಿಯಲು ಬಳಕೆಯಾಗುವ ಸ್ನಾಯುವಿನ ಒಂದು ಪಟ್ಟಿಯನ್ನು ರೆಪ್ಪೆಗೆ ತಂದು ಹೊಲಿದರು. ಆ ರೋಗಿಗಳು ಕಣ್ಣು ಮುಚ್ಚಬೇಕಾದಾಗಲೆಲ್ಲ ಹಲ್ಲು ಕಚ್ಚುವುದನ್ನು ಕಲಿತರು.